ನೆಲಮಾದರಿ (ವಾಸ್ತುವಿನ್ಯಾಸ)

ನೆಲಮಾದರಿ ಎಂದರೆ ಕಟ್ಟಡ ಏಳಬೇಕಾದ ಜಾಗದ ಏರುತಗ್ಗುಗಳನ್ನು ಅಳತೆಗೆ ತಕ್ಕಂತೆ, ಮೂರು ಆಯಾಮಗಳಲ್ಲಿ, ವಿನ್ಯಾಸ ತಂತ್ರಾಂಶದೊಳಗೆ ಕಟ್ಟಿಕೊಂಡ ರೂಪ. ತಂತ್ರಾಂಶದ ಪಾಲಿಗೆ ಗೋಡೆ, ಚಾವಣಿ, ಮೆಟ್ಟಿಲುಗಳಂತೆ ಇದೂ ಒಂದು ಅಂಗವೇ. ಆದರೆ ಗೋಡೆಯನ್ನು ವಾಸ್ತುಶಿಲ್ಪಿ ತಾನೇ ಹುಟ್ಟಿಸುತ್ತಾರೆ. ನೆಲ ಮಾತ್ರ ಅವರು ಬರುವ ಮೊದಲೇ ಅಲ್ಲಿರುತ್ತದೆ. ಅದರ ಪ್ರತಿ ಅಂಗುಲವನ್ನೂ ಅಳೆಯಲು ಆಗುವುದಿಲ್ಲವಾದ್ದರಿಂದ, ಅಳೆದ ಕೆಲವು ಬಿಂದುಗಳಿಂದ ಅಳೆಯದ ಜಾಗದ ಎತ್ತರವನ್ನು ಲೆಕ್ಕದಿಂದ ತುಂಬುವುದೇ ಈ ವಿದ್ಯೆಯ ತಿರುಳು.

ಪದಗಳು

ಗಿಡಮರ, ಕಟ್ಟಡಗಳನ್ನು ಕಳೆದು ಬರಿಯ ಮಣ್ಣಿನ ಮೈಯನ್ನಷ್ಟೇ ತೋರಿಸುವುದು ನೆಲಮಾದರಿ. ಮೇಲಿನಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವ ಮರದ ನೆತ್ತಿ, ಮನೆಯ ತಾರಸಿಗಳನ್ನೂ ಸೇರಿಸಿಕೊಂಡದ್ದು ಮೇಲ್ಮೈ ಮಾದರಿ. ನೆಲಮಾದರಿಗೆ ಗಡಿರೇಖೆ, ರಸ್ತೆ, ಚರಂಡಿ, ಉಳಿಸಬೇಕಾದ ಮರ, ಅಕ್ಕಪಕ್ಕದ ಕಟ್ಟಡ ಇವನ್ನು ಕೂಡಿಸಿದರೆ ನಿವೇಶನ ಮಾದರಿ. ಒಂದು ನಿಶ್ಚಿತ ಆಧಾರದಿಂದ ಎಣಿಸಿದ ಎತ್ತರಕ್ಕೆ ಮಟ್ಟ ಎಂದು ಹೆಸರು. ಕೆಲಸದ ಜಾಗದಲ್ಲಿ ಎಲ್ಲರ ಬಾಯಲ್ಲೂ ಅದು ‘ಲೆವೆಲ್ಲು’. ಒಂದೇ ಮಟ್ಟದ ಬಿಂದುಗಳನ್ನು ಜೋಡಿಸುವ ಗೆರೆಯನ್ನು ಪಠ್ಯಪುಸ್ತಕ ಸಮೋನ್ನತಿ ರೇಖೆ ಎನ್ನುತ್ತದೆ, ಕಚೇರಿ ಕಾಂಟೂರ್ ಎನ್ನುತ್ತದೆ. ನೆಲವನ್ನು ಅಗೆದು ತೆಗೆಯುವುದು ಕಡಿತ, ಮಣ್ಣು ಹಾಕಿ ಏರಿಸುವುದು ಭರ್ತಿ.

ಹುಟ್ಟು

ಎತ್ತರವನ್ನು ಚಪ್ಪಟೆ ಹಾಳೆಗೆ ಇಳಿಸುವ ತೊಡಕು ಗಣಕಕ್ಕಿಂತ ಬಹಳ ಹಳೆಯದು. 1774ರಲ್ಲಿ ಬ್ರಿಟನ್ನಿನ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ ಸ್ಕಾಟ್‌ಲೆಂಡಿನ ಶಿಹ್ಯಾಲಿಯನ್ ಬೆಟ್ಟದ ಪಕ್ಕದಲ್ಲಿ ತೂಗುಗುಂಡು ಎಷ್ಟು ವಾಲುತ್ತದೆಂದು ಅಳೆದರು. ಅದರಿಂದ ಭೂಮಿಯ ಸಾಂದ್ರತೆ ಕಂಡುಹಿಡಿಯಬೇಕಾದರೆ ಮೊದಲು ಬೆಟ್ಟದ ಗಾತ್ರ ಗೊತ್ತಾಗಬೇಕಿತ್ತು. ರಾಶಿ ಬಿದ್ದ ಅಳತೆಗಳ ನಡುವೆ ಕುಳಿತ ಗಣಿತಜ್ಞ ಚಾರ್ಲ್ಸ್ ಹಟನ್ ಒಂದೇ ಎತ್ತರದ ಬಿಂದುಗಳನ್ನು ಗೆರೆಯೆಳೆದು ಕೂಡಿಸಿದರು. ಬೆಟ್ಟದ ಆಕಾರ ಹಾಳೆಯ ಮೇಲೆ ಮೂಡಿತು.

ಭಾರತದಲ್ಲಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆ ಅಳೆದು ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆ, 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ರೇಖೆ ಅಳೆದು ತನ್ನ ಲೆಕ್ಕವನ್ನು ತಾಳೆ ನೋಡಿಕೊಂಡಿತು. ಬೆಟ್ಟದ ತುದಿಗಳನ್ನು ಮೂಲೆಗಳಾಗಿಸಿ ನಾಡನ್ನು ತ್ರಿಕೋನಗಳಿಂದ ಹೊದಿಸಿದ ಆ ಕ್ರಮದ ನೆರಳು ಇಂದಿನ ನೆಲಮಾದರಿಯಲ್ಲೂ ಇದೆ, ಉದ್ದೇಶ ಬೇರೆಯಾದರೂ.

ಗಣಕದ ನೆಲಮಾದರಿ ಹುಟ್ಟಿದ್ದು ಕಟ್ಟಡಕ್ಕಾಗಿ ಅಲ್ಲ, ಹೆದ್ದಾರಿಗಾಗಿ. ಅಮೆರಿಕದ ಎಂಐಟಿಯ ಚಾರ್ಲ್ಸ್ ಮಿಲ್ಲರ್ ಮತ್ತು ರಾಬರ್ಟ್ ಲಾಫ್ಲಾಮ್ 1958ರಲ್ಲಿ ಪ್ರಕಟಿಸಿದ ಲೇಖನದಲ್ಲಿ ‘ಡಿಜಿಟಲ್ ಟೆರೇನ್ ಮಾಡೆಲ್’ ಎಂಬ ಹೆಸರನ್ನು ಬಳಕೆಗೆ ತಂದರು. ವಿಮಾನದಿಂದ ತೆಗೆದ ಜೋಡಿಚಿತ್ರಗಳಿಂದ ನೆಲದ ಬಿಂದುಗಳನ್ನು ಗಣಕಕ್ಕೆ ಊಡಿಸಿದರೆ, ರಸ್ತೆಯನ್ನು ಯಾವ ದಾರಿಯಲ್ಲಿ ಒಯ್ದರೆ ಎಷ್ಟು ಮಣ್ಣು ಎತ್ತಬೇಕಾಗುತ್ತದೆಂದು ಬೇಗ ತಿಳಿಯಬಹುದೆಂಬುದು ಅವರ ಲೆಕ್ಕಾಚಾರ. 1970ರ ದಶಕದಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಥಾಮಸ್ ಪಾಯ್ಕರ್ ಮತ್ತು ಸಂಗಡಿಗರು ಅಸಮ ತ್ರಿಕೋನಗಳ ಜಾಲವಾಗಿ ನೆಲವನ್ನು ಹಿಡಿದಿಡುವ ವಿಧಾನವನ್ನು ಬೆಳೆಸಿದರು.

ವಾಸ್ತುಶಿಲ್ಪಿಗಳ ಕಚೇರಿಗೆ ಇದು ತಡವಾಗಿ ಬಂತು. ಅಲ್ಲಿ ಬಹುಕಾಲ ನಡೆದದ್ದು ರಟ್ಟು, ಬೆಂಡು, ಥರ್ಮಕೋಲುಗಳನ್ನು ಸಮೋನ್ನತಿ ರೇಖೆಗಳ ಗುಂಟ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದ ಮೆಟ್ಟಿಲು ಮೆಟ್ಟಿಲಾದ ಮಾದರಿ. ಅಷ್ಟರಿಂದಲೂ, ಕೆಲವೊಮ್ಮೆ ಬರಿಯ ಹಾಳೆಯಿಂದಲೂ, ದೊಡ್ಡ ಕೆಲಸಗಳಾಗಿವೆ. ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್ ಮನೆಗೆ ಮುನ್ನ ಫ್ರಾಂಕ್ ಲಾಯ್ಡ್ ರೈಟ್ ತರಿಸಿಕೊಂಡ 1935ರ ಸರ್ವೆ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ಜೊತೆಗೆ ತೊರೆಯ ದಡದ ಬಂಡೆಗಳೂ ಮರಗಳೂ ಗುರುತಾಗಿದ್ದವು.

ರಚನೆ

ನೆಲವನ್ನು ಗಣಕದಲ್ಲಿ ಹಿಡಿದಿಡಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಚೌಕ ಜಾಲ: ಸಮ ಅಂತರದ ಮನೆಗಳಲ್ಲಿ ಒಂದೊಂದಕ್ಕೂ ಒಂದು ಎತ್ತರ. ಉಪಗ್ರಹದ ಮಾಹಿತಿ ಬರುವುದು ಹೆಚ್ಚಾಗಿ ಹೀಗೆ. ಇನ್ನೊಂದು, ತ್ರಿಕೋನ ಜಾಲ: ಅಳೆದ ಬಿಂದುಗಳನ್ನೇ ಮೂಲೆಗಳಾಗಿಸಿ ನಡುವಿನ ಜಾಗವನ್ನು ತ್ರಿಕೋನ ಹಲಗೆಗಳಿಂದ ಮುಚ್ಚುವುದು. ಬಂಡೆ, ದಿಬ್ಬ ಇರುವಲ್ಲಿ ಬಿಂದುಗಳನ್ನು ದಟ್ಟವಾಗಿ, ಬಯಲಿನಲ್ಲಿ ವಿರಳವಾಗಿ ಇಡಲು ಇದು ಬಿಡುತ್ತದೆ. ಆದ್ದರಿಂದ ಕಟ್ಟಡದ ಕೆಲಸದಲ್ಲಿ ಇದರದೇ ಬಳಕೆ ಹೆಚ್ಚು.

ಯಾವ ಬಿಂದುವನ್ನು ಯಾವುದಕ್ಕೆ ಜೋಡಿಸಬೇಕೆಂಬುದಕ್ಕೆ ರಷ್ಯದ ಗಣಿತಜ್ಞ ಬೋರಿಸ್ ಡೆಲೋನೆ 1934ರಲ್ಲಿ ಮಂಡಿಸಿದ ನಿಯಮವನ್ನು ಬಹುತೇಕ ತಂತ್ರಾಂಶಗಳು ಅನುಸರಿಸುತ್ತವೆ. ಒಂದು ತ್ರಿಕೋನದ ಮೂರು ಮೂಲೆಗಳನ್ನು ಮುಟ್ಟಿ ಎಳೆದ ವೃತ್ತದೊಳಗೆ ಬೇರೆ ಬಿಂದು ಬೀಳಬಾರದು ಎಂಬುದೇ ಆ ನಿಯಮ. ಇದರಿಂದ ಸೂಜಿಯಂಥ ಚೂಪು ತ್ರಿಕೋನಗಳು ಕಡಿಮೆಯಾಗುತ್ತವೆ. ಆದರೆ ಈ ನಿಯಮ ನೋಡುವುದು ಬಿಂದುಗಳ ಜಾಗವನ್ನು ಮಾತ್ರ, ಎತ್ತರವನ್ನಲ್ಲ. ಎಡವಟ್ಟು ಶುರುವಾಗುವುದು ಇಲ್ಲೇ.

ಒಂದು ಚೌಕದ ನಾಲ್ಕು ಮೂಲೆಗಳ ಮಟ್ಟ ಕ್ರಮವಾಗಿ 100, 102, 100, 102 ಮೀಟರ್ ಇದೆ ಎಂದಿಟ್ಟುಕೊಳ್ಳಬಹುದು. ಚೌಕವನ್ನು ಎರಡು ತ್ರಿಕೋನ ಮಾಡಲು ಒಂದು ಕರ್ಣ ಎಳೆಯಬೇಕು. 102ರ ಮೂಲೆಗಳೆರಡನ್ನು ಜೋಡಿಸಿದರೆ ನಡುವೆ ಏಣು ಏಳುತ್ತದೆ, ಕೇಂದ್ರದ ಮಟ್ಟ 102. ಅದರ ಬದಲು 100ರ ಮೂಲೆಗಳನ್ನು ಜೋಡಿಸಿದರೆ ಅದೇ ಜಾಗದಲ್ಲಿ ಕಣಿವೆ ಬೀಳುತ್ತದೆ, ಕೇಂದ್ರದ ಮಟ್ಟ 100. ಅಳತೆ ಒಂದೇ, ನೆಲ ಎರಡು. ವ್ಯತ್ಯಾಸ 2 ಮೀಟರ್. ಡೆಲೋನೆ ನಿಯಮಕ್ಕೆ ಎರಡೂ ಸಮ್ಮತವೇ. ನೀರು ಯಾವ ಕಡೆ ಹರಿಯುತ್ತದೆ ಎಂಬುದು ಆ ಒಂದು ಗೆರೆಯ ಮೇಲೆ ನಿಂತಿರುತ್ತದೆ.

ಇದಕ್ಕೆ ಮದ್ದು ಬ್ರೇಕ್‌ಲೈನ್. ದಿಬ್ಬದ ನೆತ್ತಿ, ಹಳ್ಳದ ತಳ, ರಸ್ತೆಯ ಅಂಚು, ಗದ್ದೆಯ ಬದು ಹೀಗೆ ಇಳಿಜಾರು ಥಟ್ಟನೆ ಬದಲಾಗುವ ಕಡೆ ಗೆರೆ ಕೊಟ್ಟರೆ ಯಾವ ತ್ರಿಕೋನವೂ ಅದನ್ನು ದಾಟುವಂತಿಲ್ಲ. ಸಮೋನ್ನತಿ ರೇಖೆಗಳನ್ನಷ್ಟೇ ಕೊಟ್ಟು ಮಾಡಿದ ಮಾದರಿಯಲ್ಲಿ ಇನ್ನೊಂದು ದೋಷ ಕಾಣಿಸುತ್ತದೆ. ಗುಡ್ಡದ ತುದಿಯಲ್ಲೂ ಕಣಿವೆಯ ಕೊನೆಯಲ್ಲೂ ತ್ರಿಕೋನದ ಮೂರೂ ಮೂಲೆಗಳು ಒಂದೇ ರೇಖೆಯ ಮೇಲೆ ಬಿದ್ದು, ದುಂಡಗಿನ ಗುಡ್ಡ ತಲೆ ಕೊಯ್ದಂತೆ ಚಪ್ಪಟೆಯಾಗುತ್ತದೆ. ನೆತ್ತಿಯಲ್ಲೊಂದು, ತಳದಲ್ಲೊಂದು ಬಿಡಿ ಮಟ್ಟ ಸೇರಿಸಿದರೆ ಸರಿಹೋಗುತ್ತದೆ.

ಇಂಥ ಮಾದರಿಗಳಿಗೆ ಹುಟ್ಟಿನಿಂದಲೇ ಬಂದ ಮಿತಿಯೊಂದಿದೆ: ಒಂದು ಜಾಗಕ್ಕೆ ಒಂದೇ ಎತ್ತರ. ನೆಟ್ಟಗೆ ನಿಂತ ತಡೆಗೋಡೆಯ ಬುಡ ಮತ್ತು ತಲೆ ನಕ್ಷೆಯಲ್ಲಿ ಒಂದೇ ಬಿಂದುವಾಗುವುದರಿಂದ ತಂತ್ರಾಂಶ ಒಂದನ್ನು ನುಂಗಿಬಿಡುತ್ತದೆ. ಅದಕ್ಕಾಗಿ ಎರಡನ್ನೂ ಕೆಲವು ಮಿಲಿಮೀಟರ್ ದೂರ ಸರಿಸಿ ಗೋಡೆಯನ್ನು ಕಡಿದಾದ ಇಳಿಜಾರೆಂದು ನಂಬಿಸುವ ರೂಢಿ ಇದೆ. ಚಾಚಿದ ಬಂಡೆ, ಗುಹೆ, ಸುರಂಗಗಳಿಗೆ ಈ ಉಪಾಯವೂ ಸಾಲದು. ಅವಕ್ಕೆ ಘನರೂಪದ ಮಾದರಿಯೇ ಬೇಕು.

ಮಾಹಿತಿಯ ಮೂಲಗಳು

ಸಣ್ಣ ನಿವೇಶನಕ್ಕೆ ಆಟೋ ಲೆವೆಲ್ ಮತ್ತು ಅಳತೆಕೋಲು ಸಾಕು. ಮೇಸ್ತ್ರಿಗಳ ಕೈಯಲ್ಲಿ ನೀರು ತುಂಬಿದ ಪಾರದರ್ಶಕ ಪೈಪು ಈಗಲೂ ಅದೇ ಕೆಲಸ ಮಾಡುತ್ತದೆ. ದೊಡ್ಡ ಜಾಗಕ್ಕೆ ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುವ ಟೋಟಲ್ ಸ್ಟೇಷನ್, ಉಪಗ್ರಹ ಸಂಕೇತದಿಂದ ಸೆಂಟಿಮೀಟರ್ ನಿಖರತೆ ಕೊಡುವ ಗ್ರಾಹಕ ಯಂತ್ರ, ಡ್ರೋನ್ ಮತ್ತು ಲೇಸರ್ ಸ್ಕ್ಯಾನರ್‌ಗಳಿವೆ. ಡ್ರೋನ್ ಚಿತ್ರಗಳಿಂದ ನೇರವಾಗಿ ಸಿಗುವುದು ಮೇಲ್ಮೈ ಮಾದರಿ. ಲಂಟಾನದ ಪೊದೆಯಿರುವ ಕಡೆ ಪೊದೆಯ ತಲೆಯೇ ನೆಲವಾಗಿ ಕೂರುತ್ತದೆ. ಲೇಸರ್ ಕಿರಣ ಎಲೆಗಳ ಸಂದಿನಲ್ಲಿ ತೂರಿ ಮಣ್ಣು ಮುಟ್ಟಬಲ್ಲುದಾದ್ದರಿಂದ ಕಾಡು, ತೋಟಗಳಲ್ಲಿ ಅದಕ್ಕೆ ಬೆಲೆ ಹೆಚ್ಚು.

ಬಾಹ್ಯಾಕಾಶದಿಂದ ಬಂದ ಮಾಹಿತಿ ಬಿಟ್ಟಿ ಸಿಗುತ್ತದೆ, ಒರಟೂ ಆಗಿರುತ್ತದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 60 ಮೀಟರ್ ಉದ್ದದ ಕಂಬ ಚಾಚಿಕೊಂಡು 11 ದಿನದ ಯಾನದಲ್ಲಿ ಭೂಮಿಯ ಬಹುಭಾಗವನ್ನು ರೇಡಾರಿನಿಂದ ಅಳೆಯಿತು. ಇಸ್ರೋ 2005ರ ಮೇ 5ರಂದು ಹಾರಿಸಿದ ಕಾರ್ಟೊಸ್ಯಾಟ್-1 ಒಂದು ಕ್ಯಾಮೆರಾವನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓರೆಮಾಡಿ 2.5 ಮೀಟರ್ ಸೂಕ್ಷ್ಮತೆಯ ಜೋಡಿಚಿತ್ರ ತೆಗೆಯಿತು. ಅದರಿಂದ ತಯಾರಾದ 30 ಮೀಟರ್ ಮನೆಗಳ ಎತ್ತರದ ಮಾಹಿತಿ ಇಸ್ರೋದ ಭುವನ್ ಜಾಲತಾಣದಲ್ಲಿ ಲಭ್ಯ. 30 ಮೀಟರಿನ ಒಂದು ಮನೆ ಎಂದರೆ 900 ಚದರ ಮೀಟರ್. ಬೆಂಗಳೂರಿನ ಮೂವತ್ತು–ನಲವತ್ತರ ಸೈಟು 111 ಚದರ ಮೀಟರಿನಷ್ಟಿದ್ದು, ಎಂಟು ಸೈಟುಗಳಿಗೆ ಸೇರಿ ಒಂದೇ ಎತ್ತರ ಸಿಕ್ಕಂತಾಯಿತು. ಸುತ್ತಲಿನ ಗುಡ್ಡಸಾಲು ತೋರಿಸಲು ಇದು ಒದಗುತ್ತದೆ. ಪಾಯ ತೋಡಲು ಒದಗದು.

ನಿರ್ದೇಶಾಂಕ ಮತ್ತು ಎತ್ತರದ ಆಧಾರ

ಸರ್ವೆಯವರ ಕಡತವನ್ನು ತೆರೆದೊಡನೆ ಕಟ್ಟಡದ ಗೆರೆಗಳು ನಡುಗುವುದು, ಮೂಲೆಗಳು ಕೂಡದಿರುವುದು ಕಚೇರಿಗಳಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆ. ಕಾರಣ ಅಂಕಗಣಿತ. ಜಾಗತಿಕ ಯುಟಿಎಂ ಪದ್ಧತಿಯಲ್ಲಿ ಬೆಂಗಳೂರಿನ ಪೂರ್ವಾಂಕ ಸುಮಾರು 7.8 ಲಕ್ಷ ಮೀಟರ್, ಉತ್ತರಾಂಕ ಸುಮಾರು 14.3 ಲಕ್ಷ ಮೀಟರ್. ಪರದೆಯ ಮೇಲೆ ಚಿತ್ರ ಮೂಡಿಸುವಾಗ ಗಣಕ ಹಲವೊಮ್ಮೆ ಬಳಸುವ 32 ಬಿಟ್‌ನ ಸಂಖ್ಯೆಗೆ ಸುಮಾರು ಏಳು ಅಂಕಿಗಳ ನಿಖರತೆ ಮಾತ್ರ. ಹದಿನಾಲ್ಕು ಲಕ್ಷದ ಆಚೆ ಅದು ಇಡಬಲ್ಲ ಅತಿ ಸಣ್ಣ ಹೆಜ್ಜೆ 12.5 ಸೆಂಟಿಮೀಟರ್, ಅಂದರೆ ಒಂದು ತೆಳು ಗೋಡೆಯ ದಪ್ಪ. ಹಾಗಾಗಿ ಕಟ್ಟಡವನ್ನು ತಂತ್ರಾಂಶದ ಶೂನ್ಯಬಿಂದುವಿನ ಹತ್ತಿರವೇ ಬರೆದು, ಅದರ ನಿಜವಾದ ನೆಲೆಯನ್ನು ಬೇರೆಯಾಗಿ ಟಿಪ್ಪಣಿಯಂತೆ ಹೇಳಿಕೊಡುವುದು ರೂಢಿ. ಕಟ್ಟಡ ವಿನ್ಯಾಸದ ತಂತ್ರಾಂಶವಾದ ರೆವಿಟ್‌ನಲ್ಲಿರುವ ಸರ್ವೆ ಪಾಯಿಂಟ್, ಪ್ರಾಜೆಕ್ಟ್ ಬೇಸ್ ಪಾಯಿಂಟ್ ಎಂಬ ಗುರುತುಗಳು ಈ ಕೆಲಸಕ್ಕೇ ಇರುವುದು.

ಯುಟಿಎಂ ವಲಯಗಳ ಗಡಿಯೂ ಕರ್ನಾಟಕದಲ್ಲಿ ತೊಡಕು ತರುತ್ತದೆ. 78 ಡಿಗ್ರಿ ರೇಖಾಂಶದ ಪಶ್ಚಿಮಕ್ಕೆ 43ನೇ ವಲಯ, ಪೂರ್ವಕ್ಕೆ 44ನೆಯದು. ಬೆಂಗಳೂರು, ಹೊಸಕೋಟೆ ಒಂದು ವಲಯಕ್ಕೆ ಸೇರಿದರೆ ಕೋಲಾರ, ಮುಳಬಾಗಿಲು ಇನ್ನೊಂದಕ್ಕೆ ಸೇರುತ್ತವೆ. ವಲಯ ತಪ್ಪಿ ಆರಿಸಿದರೆ ನಿವೇಶನ ನೂರಾರು ಕಿಲೋಮೀಟರ್ ಆಚೆ ಹೋಗಿ ಬೀಳುತ್ತದೆ.

ಎತ್ತರದ ಗೊಂದಲ ಇನ್ನೂ ನವಿರಾದದ್ದು. ಉಪಗ್ರಹ ಗ್ರಾಹಕ ಕೊಡುವ ಎತ್ತರ, ಭೂಮಿಯನ್ನು ನುಣುಪಾದ ದೀರ್ಘವೃತ್ತಗೋಳವೆಂದು ಭಾವಿಸಿ ಎಣಿಸಿದ್ದು. ನಕ್ಷೆಗಳ ಎತ್ತರ ಸಮುದ್ರಮಟ್ಟದಿಂದ ಎಣಿಸಿದ್ದು. ದಕ್ಷಿಣ ಭಾರತದಲ್ಲಿ ಗುರುತ್ವ ಕಡಿಮೆಯಿರುವುದರಿಂದ ಇವೆರಡರ ನಡುವಿನ ಅಂತರ ದೊಡ್ಡದು: ಬೆಂಗಳೂರಿನಲ್ಲಿ ಗ್ರಾಹಕದ ಸಂಖ್ಯೆ ಸಮುದ್ರಮಟ್ಟದ ಲೆಕ್ಕಕ್ಕಿಂತ 80 ಮೀಟರಿಗೂ ಮಿಕ್ಕಿ ಕಡಿಮೆ ಬರುತ್ತದೆ. ತಿದ್ದದ ಡ್ರೋನ್ ಮಾದರಿಯನ್ನೂ ಹಳೆಯ ನಕ್ಷೆಯ ರಸ್ತೆಮಟ್ಟವನ್ನೂ ಒಂದೇ ಕಡತದಲ್ಲಿ ಕೂಡಿಸಿದರೆ ಸೈಟು ಪಾತಾಳದಲ್ಲಿ ಕಾಣಿಸುತ್ತದೆ. ಭಾರತದ ಸಮುದ್ರಮಟ್ಟದ ಆಧಾರ ನಿಗದಿಯಾದದ್ದು 1909ರಲ್ಲಿ. ಅದಕ್ಕೆ ಆಸರೆಯಾದ ಒಂಬತ್ತು ಉಬ್ಬರವಿಳಿತ ಕೇಂದ್ರಗಳಲ್ಲಿ ಕಾರವಾರವೂ ಒಂದು. ಸಾಮಾನ್ಯ ಮನೆಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ರಸ್ತೆಯ ಮೇಲಿನ ಒಂದು ಗಟ್ಟಿ ಗುರುತನ್ನು 100.00 ಎಂದು ಹಿಡಿದು ಉಳಿದದ್ದನ್ನು ಅದರಿಂದ ಎಣಿಸುತ್ತಾರೆ.

ತಂತ್ರಾಂಶಗಳು

ಹಂಗೆರಿಯ ಗ್ರಾಫಿಸಾಫ್ಟ್ ರೂಪಿಸಿದ ಆರ್ಕಿಕ್ಯಾಡ್‌ನಲ್ಲಿ ಮೆಶ್ ಎಂಬ ಸಾಧನವಿದೆ. ಅಂಚು ಮತ್ತು ಒಳಬಿಂದುಗಳಿಗೆ ಎತ್ತರ ಕೊಟ್ಟು ನೆಲ ಎಬ್ಬಿಸಿ, ಘನಗಳ ಕಳೆಯುವಿಕೆಯಿಂದ ಪಾಯದ ಗುಂಡಿ ತೆಗೆಯಬಹುದು. 2000ದಲ್ಲಿ ಬಂದ ಸ್ಕೆಚ್‌ಅಪ್, 2006ರಲ್ಲಿ ಗೂಗಲ್ ಕೈಗೆ, 2012ರಲ್ಲಿ ಟ್ರಿಂಬಲ್ ಕೈಗೆ ಹೋಯಿತು. ಅದರ ಸ್ಯಾಂಡ್‌ಬಾಕ್ಸ್ ಸಾಧನಗಳು ಹೆಸರಿಗೆ ತಕ್ಕಂತೆ ಮರಳಾಟದವು: ಸಮೋನ್ನತಿ ರೇಖೆಗಳ ಮೇಲೆ ಮೈ ಹೊದಿಸುವುದು, ಕಟ್ಟಡದ ಬುಡವನ್ನು ನೆಲಕ್ಕೆ ಒತ್ತುವುದು, ರಸ್ತೆಯ ಗೆರೆಯನ್ನು ಗುಡ್ಡದ ಮೇಲೆ ಬಟ್ಟೆಯಂತೆ ಬೀಳಿಸುವುದು. ಮೇಲೆ ಹೇಳಿದ ಕರ್ಣವನ್ನು ತಿರುಗಿಸಲೆಂದೇ ಅಲ್ಲೊಂದು ಸಾಧನ ಉಂಟು. ವೆಕ್ಟರ್‌ವರ್ಕ್ಸ್ ಇರುವ ನೆಲ, ಮಾಡಬೇಕಾದ ನೆಲ ಎಂಬ ಎರಡು ಸ್ಥಿತಿಗಳನ್ನು ಒಂದೇ ಮಾದರಿಯಲ್ಲಿ ಇಡುತ್ತದೆ. ಮನೆಗಳ ವಿನ್ಯಾಸಕ್ಕೆ ಬಳಕೆಯಲ್ಲಿರುವ ಚೀಫ್ ಆರ್ಕಿಟೆಕ್ಟ್‌ನಲ್ಲಿ ಗಡಿ ಹಾಕಿ, ಎತ್ತರದ ಬಿಂದು ಮತ್ತು ರೇಖೆಗಳನ್ನು ಇಟ್ಟು ನೆಲ ಮಾಡಬೇಕು. ರೈನೊ, ಅದರ ಜೊತೆಗಾರ ಗ್ರಾಸ್‌ಹಾಪರ್, ಮುಕ್ತ ತಂತ್ರಾಂಶಗಳಾದ ಬ್ಲೆಂಡರ್ ಮತ್ತು ಕ್ಯೂಜಿಐಎಸ್ ಕೂಡ ಬಳಕೆಯಲ್ಲಿವೆ. ರಸ್ತೆ, ಬಡಾವಣೆಗಳಿಗೆ ಸಿವಿಲ್ 3ಡಿ.

ರೆವಿಟ್‌ನ ಕಥೆ ಸ್ವಲ್ಪ ವಿವರ ಬೇಡುತ್ತದೆ. 2000ದಲ್ಲಿ ಮೊದಲ ಆವೃತ್ತಿ ಕಂಡ ಈ ತಂತ್ರಾಂಶವನ್ನು ಆಟೊಡೆಸ್ಕ್ 2002ರಲ್ಲಿ ಕೊಂಡಿತು. ಅದರಲ್ಲಿ ನೆಲ ಬಹುಕಾಲ ದಪ್ಪವಿಲ್ಲದ ಹಾಳೆಯಾಗಿತ್ತು. ಕಟ್ಟಡ ಕೂರಿಸಲು ಪ್ಯಾಡ್ ಎಂಬ ಮಟ್ಟಸವಾದ ಹಲಗೆಯಿಂದ ಆ ಹಾಳೆಯನ್ನು ಕತ್ತರಿಸಬೇಕಿತ್ತು. 2024ರ ಆವೃತ್ತಿಯಲ್ಲಿ ಟೊಪೊಸಾಲಿಡ್ ಎಂಬ ಘನವಸ್ತು ಬಂದು ಹಳೆಯ ಕ್ರಮ ಹೋಯಿತು. ಈಗ ನೆಲಕ್ಕೂ ಕಾಂಕ್ರೀಟ್ ಹಾಸಿನಂತೆ ಪದರಗಳನ್ನು ಕೊಡಬಹುದು: ಮೇಲೆ ಹುಲ್ಲು, ಕೆಳಗೆ ಕೆಮ್ಮಣ್ಣು, ಅದರ ಕೆಳಗೆ ಬಂಡೆ. ಆದರೆ ಆ ಪದರಗಳ ದಪ್ಪ ವಿನ್ಯಾಸಕಾರರು ಬರೆದುಕೊಟ್ಟಷ್ಟೇ. ಮಣ್ಣು ಪರೀಕ್ಷೆಯ ಗುಂಡಿ ತೋಡದೆ ಬರೆದ ಬಂಡೆ ಚಿತ್ರದ ಬಂಡೆ ಮಾತ್ರ.

ಉಪಯೋಗ

ಮೊದಲ ಉಪಯೋಗ ಪ್ಲಿಂತ್ ಮಟ್ಟದ (ಕಟ್ಟಡದ ಒಳನೆಲದ ಮಟ್ಟದ) ತೀರ್ಮಾನ ಮತ್ತು ಮಣ್ಣಿನ ಲೆಕ್ಕ. 12 ಮೀಟರ್ ಅಗಲ, 18 ಮೀಟರ್ ಉದ್ದದ ಸೈಟು ಹಿಂಬದಿಯಲ್ಲಿ 100.60, ರಸ್ತೆಯ ಬದಿಯಲ್ಲಿ 99.40 ಮಟ್ಟದಲ್ಲಿದ್ದು ಸಮನಾಗಿ ಇಳಿಯುತ್ತದೆ ಎನ್ನೋಣ. ಇಡೀ ಜಾಗವನ್ನು 100.00ಕ್ಕೆ ಸಪಾಟು ಮಾಡಿದರೆ ಹಿಂದಿನ ಅರ್ಧದಲ್ಲಿ 32.4 ಘನಮೀಟರ್ ಕಡಿತ, ಮುಂದಿನ ಅರ್ಧದಲ್ಲಿ ಅಷ್ಟೇ ಭರ್ತಿ. ಅಗೆದ ಮಣ್ಣು ಅಲ್ಲಿಗಲ್ಲಿಗೆ ಸರಿ. ಮಳೆನೀರಿನ ಹೆದರಿಕೆಯಿಂದ ಮಟ್ಟವನ್ನು ಬರೀ 30 ಸೆಂಟಿಮೀಟರ್, ಒಂದು ಅಡಿಯಷ್ಟು, ಏರಿಸಿದರೆ ಕಡಿತ 8.1ಕ್ಕೆ ಇಳಿದು ಭರ್ತಿ 72.9ಕ್ಕೆ ಏರುತ್ತದೆ. 64.8 ಘನಮೀಟರ್ ಮಣ್ಣನ್ನು ಹೊರಗಿನಿಂದ ತರಿಸಬೇಕು. ಅಗೆದ ಮಣ್ಣು ಸಡಿಲವಾಗಿ ಕಾಲುಭಾಗ ಉಬ್ಬಿದರೆ ಲಾರಿಯಲ್ಲಿ ಬರುವುದು 81 ಘನಮೀಟರ್. ತಂತ್ರಾಂಶ ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಉಬ್ಬು ಸೇರಿರುವುದಿಲ್ಲ. ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ನೀರಿನ ಹರಿವು, ತಡೆಗೋಡೆಯ ಎತ್ತರ, ಕಾರು ಇಳಿಯುವ ದಾರಿಯ ಓರೆ, ಗಾಲಿಕುರ್ಚಿಗೆ ಬೇಕಾದ ಹನ್ನೆರಡಕ್ಕೆ ಒಂದರ ಇಳಿಜಾರು, ಬಿಸಿಲು ನೆರಳು, ಕಿಟಕಿಯಿಂದ ಕಾಣುವ ನೋಟ ಇವೆಲ್ಲ ನೆಲಮಾದರಿಯ ಮೇಲೆಯೇ ಪರೀಕ್ಷೆಯಾಗುತ್ತವೆ. ಬೆಂಗಳೂರಿನಂಥ ಊರಿನಲ್ಲಿ ನೀರಿನ ಹರಿವಿಗೆ ಹೆಚ್ಚಿನ ಮಹತ್ವವಿದೆ. ಏಣಿನ ಮೇಲೆ ಕೂತ ಆ ನಗರದ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಹಂಚಿಹೋಗುತ್ತದೆ. ನಿವೇಶನದ ಗಡಿಯಲ್ಲಿ ನಿಲ್ಲಿಸಿದ ಮಾದರಿ ಮೇಲಿನಿಂದ ಬರುವ ನೀರನ್ನು ಕಾಣಲಾರದು. ಆದ್ದರಿಂದ ಹತ್ತಿರದ ರಾಜಕಾಲುವೆಯವರೆಗಾದರೂ ಒರಟು ನೆಲವನ್ನು ಸೇರಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಮಾದರಿ ಹೇಳುವುದು ನೆಲದ ಆಕಾರವನ್ನು, ಬಲವನ್ನಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದು ಭಾರಿ ಮಳೆಗೆ. ಅಂಥ ಕಡೆ ಇಳಿಜಾರಿನ ಕೋನ ಒಂದು ಸೂಚನೆಯಷ್ಟೆ. ಮಣ್ಣಿನ ಆಳ, ಒಳಗಿನ ನೀರು, ಹಿಂದೆ ರಸ್ತೆಗೋ ಮನೆಗೋ ಕಡಿದ ಗುಡ್ಡದ ಬುಡ ಇವು ಭೂತಾಂತ್ರಿಕ ತಜ್ಞರ ವರದಿಯಿಂದಲೇ ತಿಳಿಯಬೇಕು.

ಸದ್ಯದ ಸ್ಥಿತಿ

ಭಾರತದಲ್ಲಿ ಸೂಕ್ಷ್ಮ ಎತ್ತರದ ಮಾಹಿತಿ ಬಹುಕಾಲ ಪರವಾನಗಿಯ ಬೇಲಿಯೊಳಗಿತ್ತು. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಭಾರತೀಯ ಸಂಸ್ಥೆಗಳಿಗೆ ಆ ಬೇಲಿಯನ್ನು ಬಹುಮಟ್ಟಿಗೆ ತೆಗೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಡ್ರೋನ್ ನಿಯಮಗಳೂ ಸಡಿಲವಾದವು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಾಸದ ಜಾಗಗಳನ್ನು ಡ್ರೋನಿನಿಂದ ಅಳೆಯಲಾಗುತ್ತಿದ್ದು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ತಂತ್ರಾಂಶಗಳ ನಡುವೆ ನೆಲವನ್ನು ದಾಟಿಸಲು 2000ದ ಸುಮಾರಿಗೆ ಬಂದ ಲ್ಯಾಂಡ್‌ಎಕ್ಸ್‌ಎಂಎಲ್ ಕಡತರೂಪ ಇನ್ನೂ ಚಾಲ್ತಿಯಲ್ಲಿದೆ. ಕಟ್ಟಡ ಮಾಹಿತಿಯ ಐಎಫ್‌ಸಿ ಮಾನಕದಲ್ಲಿ ನಿವೇಶನಕ್ಕೆ ಪ್ರತ್ಯೇಕ ಸ್ಥಾನವಿದೆ. 2013ರ ನಾಲ್ಕನೇ ಆವೃತ್ತಿಯಲ್ಲಿ ಕಟ್ಟಡದ ಸ್ಥಳೀಯ ಅಳತೆಯನ್ನು ನಕ್ಷೆಯ ನಿರ್ದೇಶಾಂಕಕ್ಕೆ ಹೊಂದಿಸುವ ವ್ಯವಸ್ಥೆ ಬಂತು; 2024ರಲ್ಲಿ ಅಂತರರಾಷ್ಟ್ರೀಯ ಮಾನಕವಾದ 4.3ನೇ ಆವೃತ್ತಿ ರಸ್ತೆ, ರೈಲು, ಸೇತುವೆಗಳನ್ನೂ ಒಳಗೊಂಡಿತು.

ಕರ್ನಾಟಕದ ಕಂದಾಯ ದಾಖಲೆಗಳು ಬೇರೆ ಕಾಲದವು. 33 ಅಡಿಯ ಸರಪಳಿ, ಅದರ 16 ಆಣೆ, ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ, ಅಂದರೆ 1,089 ಚದರ ಅಡಿ: ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಜಮೀನಿನ ಉದ್ದಗಲ ಈ ಲೆಕ್ಕದಲ್ಲಿದೆ, ಎತ್ತರದ ಸುದ್ದಿಯೇ ಇಲ್ಲ. ತೆರಿಗೆಗೆ ವಿಸ್ತೀರ್ಣ ಸಾಕಿತ್ತು. ಹೀಗಾಗಿ ವಾಸ್ತುಶಿಲ್ಪಿಯ ಮೇಜಿಗೆ ಇಂದಿಗೂ ಎರಡು ಕಾಗದ ಬರುತ್ತವೆ, ಗಡಿ ಹೇಳುವ ಮೋಜಿಣಿ ನಕ್ಷೆ ಮತ್ತು ಮಟ್ಟ ಹೇಳುವ ಖಾಸಗಿ ಸರ್ವೆ. ಎರಡರ ಗಡಿಗಲ್ಲುಗಳೂ ಒಂದೇ ಜಾಗದಲ್ಲಿವೆಯೇ ಎಂದು ತಾಳೆ ನೋಡಿದ ಮೇಲೆ ಮಾದರಿಯ ಮೊದಲ ಬಿಂದು ಇಡಲಾಗುತ್ತದೆ.